ಗೇಟಿನಲ್ಲಿ ನಿಂತ ನೋಟು

ಇವತ್ತು ಬೆಳಗ್ಗೆ ಬಂದ ಸಿಟ್ಟು ಮಧ್ಯಾಹ್ನದ ಊಟವಾದ ಮೇಲೂ ಇಳಿದಿಲ್ಲ. ಬರೆದರೆ ಇಳಿದೀತೆಂದು ಕೂತಿದ್ದೇನೆ.

ಬೆಂಗಳೂರಿನ ನಡುಮಧ್ಯದ ಒಂದು ಸಾರ್ವಜನಿಕ ಪಾರ್ಕಿಂಗ್ ಜಾಗ. ಹೊರಗೆ ಹೋಗುವ ಗೇಟಿನಲ್ಲಿ ನನ್ನ ಮುಂದೆ ಒಂದು ಹಳೆಯ ಮಾರುತಿ 800 ನಿಂತಿತ್ತು. ಓಡಿಸುತ್ತಿದ್ದವರಿಗೆ ಎಪ್ಪತ್ತು ದಾಟಿರಬೇಕು. ಪಕ್ಕದಲ್ಲಿ ಅವರ ಹೆಂಡತಿ, ಮಡಿಲಲ್ಲಿ ಆಸ್ಪತ್ರೆಯ ಎಕ್ಸ್‌ರೇ ಕವರು. ಅವರು ಕಿಟಕಿಯಿಂದ ಐವತ್ತರ ನೋಟು ಚಾಚಿದರು. ಗೇಟಿನ ಹುಡುಗ ಅದನ್ನು ಮುಟ್ಟಲಿಲ್ಲ. ಕಂಬಕ್ಕೆ ಅಂಟಿಸಿದ್ದ ಕ್ಯೂಆರ್ ಕೋಡ್ ತೋರಿಸಿ, "ಅಜ್ಜಾರ, ರೊಕ್ಕ ತಗೊಳಂಗಿಲ್ರೀ. ಫೋನಿನ್ಯಾಗ ಹಾಕ್ಬೇಕ್ರಿ" ಅಂದ.

ಆ ಹಿರಿಯರು ನೋಟನ್ನು ಹಿಂದಕ್ಕೆ ತೆಗೆದುಕೊಂಡು, ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. "ಯಾಕಪ್ಪಾ, ಹರಿದೈತಾ?" ಎಂದು ಕೇಳಿದರು.

ಆ ಒಂದು ಮಾತೇ ನನ್ನನ್ನು ಇಷ್ಟು ಹೊತ್ತು ಕೆದಕುತ್ತಿರುವುದು. ಅವರಿಗೆ ಅನುಮಾನ ಬಂದದ್ದು ಗೇಟಿನ ಮೇಲಲ್ಲ, ಕಂಬದ ಮೇಲಿನ ಚೀಟಿಯ ಮೇಲಲ್ಲ, ತಮ್ಮ ನೋಟಿನ ಮೇಲೆ. ದುಡಿದ ಹಣ, ಮಡಿಚಿ ಜೋಪಾನ ಮಾಡಿದ ಹಣ, ಕೊಡಲು ಸಿದ್ಧವಾಗಿ ಕೈಯಲ್ಲಿದೆ. ಆದರೂ ಕೊಡಲಾರದವರ ಹಾಗೆ ಅಲ್ಲಿ ನಿಲ್ಲಬೇಕಾಯಿತು. ಅವರ ಫೋನು ಗುಂಡಿ ಒತ್ತುವ ಫೋನು. ಅಂಗಿಯ ಜೇಬಿನಿಂದ ಬ್ಯಾಂಕಿನ ಕಾರ್ಡನ್ನೂ ತೆಗೆದರು. ಕಾರ್ಡ್ ಉಜ್ಜುವ ಮೆಷಿನ್ ಇಲ್ಲವೆಂದು ಹುಡುಗ ತಲೆ ಅಲ್ಲಾಡಿಸಿದ. ಹಿಂದಿನಿಂದ ಹಾರ್ನು ಶುರುವಾಯಿತು. ಹುಡುಗನ ಮುಖವೂ ಸಣ್ಣದಾಗಿತ್ತು. ತಪ್ಪು ಅವನದಲ್ಲ. ನಾನು ಇಳಿದು ಹೋಗಿ ನನ್ನ ಫೋನಿನಿಂದ ಕಟ್ಟಿದೆ. ಅವರು ಆ ಐವತ್ತರ ನೋಟನ್ನು ನನ್ನ ಕೈಗೆ ಒತ್ತಿ ಇಟ್ಟು, ನಾನು ಬೇಡವೆಂದರೂ ಬೆರಳು ಮಡಿಚಿದರು. "ಬಾಕಿ ಇಟ್ಕೊಂಡು ಹೋಗೋ ಅಭ್ಯಾಸ ಇಲ್ಲ ಸ್ವಾಮಿ" ಅಂದರು.

ಫೋನಿನಲ್ಲಿ ಹಣ ಕಟ್ಟುವುದು ಸಲೀಸು, ಬೇಗ ಆಗುತ್ತದೆ, ಲೆಕ್ಕ ಉಳಿಯುತ್ತದೆ. ನಾನೂ ದಿನಬೆಳಗಾದರೆ ಹಾಗೇ ಕಟ್ಟುತ್ತೇನೆ. 2016ರಲ್ಲಿ ಶುರುವಾದ ಯುಪಿಐ 2025ರ ಆಗಸ್ಟ್‌ ತಿಂಗಳೊಂದರಲ್ಲೇ 2,000 ಕೋಟಿ ವಹಿವಾಟುಗಳನ್ನು ದಾಟಿತು. ಅದು ಈ ದೇಶ ಹೆಮ್ಮೆ ಪಡಬೇಕಾದ ಕೆಲಸ. ಅದರ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ನಗದು ತೆಗೆದುಕೊಂಡರೆ ಗೇಟಿನವರು ಬೋರ್ಡಿನ ಮೇಲೆ ಇಪ್ಪತ್ತು ಬರೆದು ಐವತ್ತು ಕೀಳುತ್ತಿದ್ದರು, ರಸೀದಿ ಕೊಡುತ್ತಿರಲಿಲ್ಲ ಎನ್ನುವವರಿದ್ದಾರೆ. ನಿಜ, ಕೀಳುತ್ತಿದ್ದರು. ಅದಕ್ಕೆ ರಸೀದಿ ಕೊಡುವ ಯಂತ್ರ ಇಡಬೇಕು. ಕೆಎಸ್‌ಆರ್‌ಟಿಸಿ ಕಂಡಕ್ಟರು ಓಡುವ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಅಂಗೈಯಗಲದ ಯಂತ್ರದಲ್ಲಿ ನಗದಿಗೂ ಟಿಕೆಟ್ ಹರಿದುಕೊಡುತ್ತಾರೆ, ಯುಪಿಐಗೂ ಕೊಡುತ್ತಾರೆ. ಅಲುಗಾಡುವ ಬಸ್ಸಿನಲ್ಲಿ ಆಗುವ ಕೆಲಸ ಅಲುಗಾಡದ ಗೇಟಿನಲ್ಲಿ ಆಗುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ.

ಕಾನೂನಿನ ಮಾತೂ ಇದೆ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಮಿನ ಪ್ರಕಾರ ನೋಟು ಭಾರತದ ಯಾವ ಜಾಗದಲ್ಲಾದರೂ ಸಲ್ಲುತ್ತದೆ. ಯಾವ ರೀತಿಯಲ್ಲಿ ಹಣ ಪಡೆಯಬೇಕೆಂದು ಮೊದಲೇ ಷರತ್ತು ಹಾಕಬಹುದಲ್ಲ ಎಂದು ವಾದಿಸುವವರು ಇರಬಹುದು. ಆದರೆ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಆಗಿದೆ, ಹೊತ್ತು ಕಳೆದಿದೆ, ಈಗ ಗೇಟಿನಲ್ಲಿ ಕೊಡಬೇಕಾಗಿರುವುದು ಬಾಕಿ. ಆ ಹಿರಿಯರು ಸರಿಯಾದ ಮಾತನ್ನೇ ಆಡಿದ್ದರು. ಬಾಕಿ ತೀರಿಸಲು ದೇಶದ ನೋಟು ಸಾಲದು ಎನ್ನುವ ಹಕ್ಕು ಸಾರ್ವಜನಿಕ ಜಾಗವನ್ನು ಗುತ್ತಿಗೆ ಹಿಡಿದವರಿಗೆ ಇರಬಾರದು. ಅದೂ ಒಳಗೆ ಬರುವ ಗೇಟಿನಲ್ಲಿ ಏನೂ ಬರೆಯದೆ, ಹೊರಗೆ ಹೋಗುವಾಗ ಹೇಳಿದರೆ?

ಆ ಐವತ್ತರ ನೋಟು ಈಗ ನನ್ನ ಮೇಜಿನ ಮೇಲಿದೆ. 2017ರಲ್ಲಿ ಬಂದ ತಿಳಿನೀಲಿ ನೋಟು. ಇಷ್ಟು ದಿನ ಇದನ್ನು ಕೈ ಬದಲಿಸಿದ್ದೇ ಹೊರತು ಕೂತು ನೋಡಿರಲಿಲ್ಲ. ಹಿಂಭಾಗದಲ್ಲಿ ಹದಿನೈದು ಭಾಷೆಗಳ ಪಟ್ಟಿ. ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ನಾಲ್ಕನೆಯದು ಕನ್ನಡ. ನೋಟು ಅಚ್ಚಾಗುವ ಊರುಗಳಲ್ಲಿ ಮೈಸೂರೂ ಒಂದು. 1996ರಿಂದ ಅಲ್ಲಿನ ಮುದ್ರಣಾಲಯ ನಡೆಯುತ್ತಿದೆ, ನೋಟಿನ ಕಾಗದ ಮಾಡುವ ಕಾರ್ಖಾನೆಯೂ ಅಲ್ಲೇ ಇದೆ. ಪಟ್ಟಿಯ ಪಕ್ಕದಲ್ಲಿ ಹಂಪಿಯ ಕಲ್ಲಿನ ರಥ. ಆ ರಥ ನಿಂತಿರುವುದು ವಿಜಯವಿಠ್ಠಲ ದೇವಸ್ಥಾನದ ಅಂಗಳದಲ್ಲಿ. ಅಲ್ಲಿಂದ ತುಂಗಭದ್ರೆಯ ಕಡೆಗೆ ಇಳಿದರೆ ನೀರಿನ ಅಂಚಿನಲ್ಲಿ ಪುರಂದರ ಮಂಟಪ. ಹೊಳೆ ತುಂಬಿದಾಗ ಅದರ ಕಂಬಗಳು ನೀರಲ್ಲಿ ನಿಲ್ಲುತ್ತವೆ.

ಪುರಂದರದಾಸರ ಹಳೆಯ ಕಥೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಅವರು ದಾಸರಾಗುವ ಮೊದಲು ಶ್ರೀನಿವಾಸ ನಾಯಕ, ನವಕೋಟಿ ನಾರಾಯಣನೆಂದು ಹೆಸರಾದ ಸಾಹುಕಾರ. ಬಡ ಬ್ರಾಹ್ಮಣನೊಬ್ಬ ಮಗನ ಮುಂಜಿಗೆಂದು ಹಣ ಕೇಳಿ ಬರುತ್ತಾನೆ. ನಾಯಕ ನಾಳೆ ಬಾ, ನಾಡಿದ್ದು ಬಾ ಎಂದು ಅಲೆಸುತ್ತಾನೆ. ಕೊನೆಗೆ ಸವಕಲು ನಾಣ್ಯಗಳ ರಾಶಿ ಸುರಿದು, ಇದರಲ್ಲಿ ಒಂದನ್ನು ಆರಿಸಿಕೋ ಎನ್ನುತ್ತಾನೆ. ಬ್ರಾಹ್ಮಣ ಹಿತ್ತಲಿಗೆ ಹೋಗುತ್ತಾನೆ, ಹೆಂಡತಿ ಸರಸ್ವತಿ ಮೂಗುತಿ ಬಿಚ್ಚಿ ಕೊಡುತ್ತಾಳೆ, ಮುಂದಿನದು ಗೊತ್ತೇ ಇದೆ. ಹರಿಕಥೆ ಮಾಡುವವರು ಮೂಗುತಿಯ ಭಾಗವನ್ನು ಹಿಗ್ಗಿಸಿ ಹೇಳುತ್ತಾರೆ, ವಿಷದ ಬಟ್ಟಲಿನ ಹತ್ತಿರ ತಾಳ ನಿಲ್ಲಿಸುತ್ತಾರೆ. ನನ್ನ ಮನಸ್ಸು ಚಿಕ್ಕಂದಿನಿಂದಲೂ ಸಿಕ್ಕಿಕೊಳ್ಳುವುದು ಆ ಸವಕಲು ನಾಣ್ಯಗಳಲ್ಲಿ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಕೀಳಾಗಿ ಕಾಣಬೇಕೆಂದರೆ ಬೈಯಬೇಕಾಗಿಲ್ಲ. ಸಲ್ಲದ ನಾಣ್ಯ ಮುಂದಿಟ್ಟು ಆರಿಸಿಕೋ ಎಂದರೆ ಸಾಕು. ಸಲ್ಲುವ ನೋಟನ್ನು ಸಲ್ಲದು ಎಂದರೂ ಸಾಕು.

ಆ ಹಂಪಿಯಲ್ಲೇ, ದಾಸರಿಗೂ ಮೊದಲು, 1443ರಲ್ಲಿ ಪರ್ಷಿಯಾದಿಂದ ಬಂದ ರಾಯಭಾರಿ ಅಬ್ದುಲ್ ರಜಾಕ್ ಅಲ್ಲಿನ ನಾಣ್ಯಗಳನ್ನು ಕೂತು ಲೆಕ್ಕ ಹಾಕಿ ಬರೆದಿಟ್ಟಿದ್ದಾನೆ. ಚಿನ್ನದ ವರಹ, ಅದರ ಅರ್ಧದ ಪ್ರತಾಪ, ಪ್ರತಾಪದ ಹತ್ತನೇ ಒಂದು ಭಾಗ ಹಣ. ಹಣದ ಆರನೇ ಒಂದು ಭಾಗ ಬೆಳ್ಳಿಯ ತಾರ, ತಾರದ ಮೂರನೇ ಒಂದು ಭಾಗ ತಾಮ್ರದ ಜೀತಲ್. ವಜ್ರ ವೈಡೂರ್ಯ ಮಾರುತ್ತಿದ್ದ ಬೀದಿಗಳ ಊರು ತಾಮ್ರದ ಚೂರನ್ನೂ ಟಂಕಿಸುತ್ತಿತ್ತು. ಸೊಪ್ಪು ಮಾರುವವಳಿಗೂ ವಜ್ರ ಮಾರುವವನಿಗೂ ಒಂದೇ ಸಂತೆಯಲ್ಲಿ ಜಾಗ ಇರಬೇಕಾದರೆ ದೊಡ್ಡ ನಾಣ್ಯದಷ್ಟೇ ಚಿಲ್ಲರೆಯೂ ಬೇಕು. ಆಳುವವರಿಗೆ ಅದು ಗೊತ್ತಿತ್ತು.

ಚಿಲ್ಲರೆ ಎಂದಾಕ್ಷಣ ನನಗೆ ಬಸ್ಸು ನೆನಪಾಗುತ್ತದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಇದು ನನಗೆ ಬಹಳ ಪ್ರಿಯವಾದ ವಿಷಯ.

ನಮ್ಮ ಬಸ್ಸುಗಳಲ್ಲಿ ಕಂಡಕ್ಟರ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. "ಇಳಿಯೋವಾಗ ಇಸ್ಕೊಳ್ಳಿ" ಎನ್ನುತ್ತಾರೆ. ಆ ಬರವಣಿಗೆಗೆ ಸಹಿ ಇಲ್ಲ, ಮುದ್ರೆ ಇಲ್ಲ. ಪೆನ್ನು ಸರಿಯಾಗಿ ಮೂಡದೆ ಎರಡು ಸಲ ತಿದ್ದಿರುತ್ತಾರೆ. ಆದರೂ ಅದನ್ನು ಬೆರಳಿನ ಸಂದಿಯಲ್ಲಿ ಹಿಡಿದುಕೊಂಡು ದೂರದ ಊರಿನವರೆಗೆ ನೆಮ್ಮದಿಯಿಂದ ಕೂರುತ್ತೇವೆ. ನಿದ್ದೆ ಹತ್ತಿದರೆ ಕಂಡಕ್ಟರೇ ಬಂದು ಎಬ್ಬಿಸಿ ಚಿಲ್ಲರೆ ಕೊಟ್ಟದ್ದೂ ಉಂಟು. ಗದ್ದಲದಲ್ಲಿ ಮರೆತು ಇಳಿದು, ಬಸ್ಸು ಹೊರಟ ಮೇಲೆ ಅಂಗೈಯಲ್ಲಿ ಟಿಕೆಟ್ ನೋಡಿಕೊಂಡು ನಿಂತವರನ್ನೂ ನೋಡಿದ್ದೇನೆ. ಇವೆರಡೂ ನಡೆಯುವ ಜಾಗದಲ್ಲಿ ಜನ ಒಬ್ಬರನ್ನೊಬ್ಬರು ನಂಬುವುದನ್ನು ಕಲಿಯುತ್ತಾರೆ ಎಂದು ನಾನು ತಿಳಿದಿದ್ದೇನೆ.

ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಕಂಡಕ್ಟರು ಇಬ್ಬರಿಗೆ ಸೇರಿಸಿ ಒಂದೇ ನೋಟು ಕೊಟ್ಟುಬಿಡುತ್ತಾರೆ. "ನಿಮ್ಮದು ಹತ್ತು, ಆ ಅಮ್ಮಂದು ಹತ್ತು, ಇಳಿದು ಹಂಚ್ಕೊಳ್ಳಿ." ಆ ಅಮ್ಮ ಯಾರೋ, ನಾವು ಯಾರೋ. ಒಂದು ಇಪ್ಪತ್ತರ ನೋಟು ನಮ್ಮಿಬ್ಬರನ್ನು ಕಟ್ಟಿಹಾಕುತ್ತದೆ. ಆಕೆ ಮುಂದಿನ ಬಾಗಿಲಿನಿಂದ ಇಳಿದು ನಮಗಾಗಿ ಕಾಯುತ್ತಾಳೆ. ಇಬ್ಬರೂ ಸೇರಿ ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋಗಿ ಬಾಳೆಹಣ್ಣನ್ನೋ ಬೆಂಕಿಪೊಟ್ಟಣವನ್ನೋ ತೆಗೆದುಕೊಂಡು ನೋಟು ಮುರಿಸುತ್ತೇವೆ. ಅಷ್ಟರಲ್ಲಿ ಅವಳ ಮಗಳ ಊರು, ನಮ್ಮ ಊರು, ಈ ಸಲದ ಮಳೆ, ಎಲ್ಲ ಮಾತಾಗಿರುತ್ತದೆ. ಮದುವೆಯ ಸಂಬಂಧಗಳೂ ಇಂಥ ಕಡೆ ಕುದುರಿವೆ ಎಂದು ನಮ್ಮ ಸೋದರತ್ತೆ ಹೇಳುತ್ತಿದ್ದರು, ಹೇಳಿದ್ದನ್ನು ನಂಬುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಾಗಿ, ಬಸ್ಸಿನಲ್ಲಿ ಚಿಲ್ಲರೆಯ ಮಾತು ಕಡಿಮೆಯಾಗಿದೆ. ಅದು ಒಳ್ಳೆಯ ಕಾರಣಕ್ಕೆ ಕಡಿಮೆಯಾಗಿದೆ, ಆದ್ದರಿಂದ ಅದರ ಬಗ್ಗೆ ನನಗೆ ಬೇಸರವಿಲ್ಲ.

ಚಿಲ್ಲರೆ ಕೈ ಬದಲಾಗುವ ಜಾಗ ಇನ್ನೂ ಎಷ್ಟೋ. ಮಂಗಳಾರತಿ ತಟ್ಟೆಗೆ ಹಾಕುವ ನಾಣ್ಯ. ಮುಯ್ಯಿಯ ಲಕೋಟೆಯಲ್ಲಿ ನೂರಕ್ಕೆ ಸೇರಿಸುವ ಒಂದು ರೂಪಾಯಿ. ಈಗ ಅಂಗಡಿಯಲ್ಲಿ ನಾಣ್ಯ ಅಂಟಿಸಿದ ಲಕೋಟೆಯೇ ಸಿಗುತ್ತದೆ. ಮೊಮ್ಮಗ ರಜೆ ಮುಗಿಸಿ ಹೊರಟಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಯಾರಿಗೂ ಕಾಣದಂತೆ ಅಂಗೈಗೆ ಇಡುವ ಮಡಿಚಿದ ನೋಟು.

ಪಾರ್ಕಿಂಗಿನ ಹುಡುಗನ ಕಡೆಗೂ ನೋಡಬೇಕು. ಇಕ್ಕಟ್ಟಿನಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಬಾನೆಟ್ಟಿಗೆ ಎರಡು ಸಲ ಬಡಿದು, "ಬರ್ಲಿ ಬರ್ಲಿ, ಲೆಫ್ಟು ಕಟ್ ಮಾಡಿ, ಸಾಕ್ ಸಾಕ್" ಎನ್ನುವವನು ಅವನು. ಬಿಸಿಲಿನಲ್ಲಿ ದಿನವಿಡೀ ನಿಲ್ಲುವವನು. ನಲವತ್ತಕ್ಕೆ ಐವತ್ತು ಕೊಟ್ಟವರು "ಇಟ್ಕೋ ಮಗಾ, ಟೀ ಕುಡಿ" ಎಂದು ಹೋಗುತ್ತಿದ್ದರು. ಕಂಬದ ಮೇಲಿನ ಕೋಡಿಗೆ ಹಾಕಿದ ಹಣ ನೇರ ಗುತ್ತಿಗೆದಾರರ ಖಾತೆಗೆ ಹೋಗುತ್ತದೆ. ಅದು ಅವರಿಗೆ ಸೇರಬೇಕಾದ ಹಣವೇ, ಸರಿ. ಹುಡುಗನಿಗೆ ಮಾತ್ರ ಆ ಹತ್ತು ರೂಪಾಯಿ ಎಲ್ಲಿಂದಲೂ ಬರುವುದಿಲ್ಲ. ಇವತ್ತಿನ ಹುಡುಗ ಉತ್ತರ ಕರ್ನಾಟಕದವನೆಂದು ಮಾತಿನಲ್ಲೇ ತಿಳಿಯಿತು. ಬೈಗುಳ ತಿನ್ನುವ ಕೆಲಸ ಅವನದು, ನಿಯಮ ಮಾಡಿದವರು ಎದುರಿಗೆ ಬರುವುದಿಲ್ಲ.

ಫೋನಿನಿಂದಲೇ ಕಟ್ಟುವವರಿಗೂ ಕಷ್ಟ ಬರುತ್ತದೆ. ಕಟ್ಟಡದ ಕೆಳಗಿನ ಎರಡನೇ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದವರಿಗೆ ಕೇಳಿ. ಅಲ್ಲಿ ಸಿಗ್ನಲ್ಲಿನ ಒಂದು ಗೀಟೂ ಇರುವುದಿಲ್ಲ. ಚಕ್ರ ತಿರುಗುತ್ತಲೇ ಇರುತ್ತದೆ, ಹಣ ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. 2025ರ ಏಪ್ರಿಲ್ 12ರಂದು ದೇಶದ ಉದ್ದಗಲಕ್ಕೂ ಯುಪಿಐ ಗಂಟೆಗಟ್ಟಲೆ ಕೈಕೊಟ್ಟಿತು. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 26ರಂದೂ ಹಾಗೇ ಆಗಿತ್ತು. ಅದೇ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ಗಳಲ್ಲಿ ವಿದ್ಯುತ್ತು ಹೋಗಿ ಕಾರ್ಡಿನ ಯಂತ್ರಗಳು ಸತ್ತಾಗ, ಜೇಬಿನಲ್ಲಿ ನೋಟು ಇದ್ದವರು ಬ್ರೆಡ್ಡು ನೀರು ಕೊಂಡರು. ಕಂಬದ ಮೇಲೆ ಅಂಟಿಸಿದ ಕೋಡಿನ ಮೇಲೆ ಇನ್ಯಾರೋ ತಮ್ಮ ಕೋಡು ಅಂಟಿಸಿ ಹೋಗುವ ಕಳ್ಳತನ ಬೇರೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಅಂಗಡಿ ಅಂಗಡಿಗೂ ಹಾಗೆ ಮಾಡಿದ್ದರು.

ನಗದಿನಷ್ಟೇ ಕಾರ್ಡೂ ಬೇಕು. ಸಣ್ಣ ಊರುಗಳಲ್ಲಿ ಪಿಂಚಣಿ ಬರುವ ಹಿರಿಯರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲದಿದ್ದರೂ ರುಪೇ ಕಾರ್ಡು ಇರುತ್ತದೆ. ಅಮೆರಿಕದಿಂದ ರಜೆಗೆ ಬಂದ ನಮ್ಮ ಅಕ್ಕನ ಮಗನ ಹತ್ತಿರವೂ ಇದ್ದದ್ದು ಕಾರ್ಡು, ಇಲ್ಲದ್ದು ಇಲ್ಲಿನ ಫೋನ್ ನಂಬರು. ಅವನೂ ಇಂಥದೇ ಗೇಟಿನಲ್ಲಿ ಅಮ್ಮನಿಗೆ ಫೋನು ಮಾಡಿ, ಅವಳು ಮನೆಯಿಂದ ಕೋಡಿನ ಚಿತ್ರ ತರಿಸಿಕೊಂಡು ಹಣ ಕಟ್ಟಿದ ಮೇಲೆ ಹೊರಬಂದ. ಹೆದ್ದಾರಿಯ ಟೋಲ್‌ಗಳಲ್ಲಿ 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಇಲ್ಲದೆ ನಗದು ಕೊಟ್ಟರೆ ಎರಡು ಪಟ್ಟು ತೆಗೆದುಕೊಳ್ಳುತ್ತಿದ್ದರು. ನನಗೆ ಅದೂ ಸರಿಕಾಣಲಿಲ್ಲ, ಆದರೆ ಅಲ್ಲಿ ಕೊನೇಪಕ್ಷ ನೋಟನ್ನು ನೋಟೆಂದು ಒಪ್ಪುತ್ತಿದ್ದರು.

2025ರ ಜುಲೈಯಲ್ಲಿ ಇದೇ ಬೆಂಗಳೂರಿನಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ಅಂಗಡಿಗಳಿಗೆ ನೋಟಿಸು ಹೋಯಿತು. ಬೇಕರಿ, ಕಾಂಡಿಮೆಂಟ್ಸು, ತರಕಾರಿ ಅಂಗಡಿಗಳು ಕ್ಯೂಆರ್ ಕೋಡು ಕಿತ್ತು, ನಗದು ಮಾತ್ರ ಎಂದು ಚೀಟಿ ಅಂಟಿಸಿದವು. ಆಗ ಕಷ್ಟಪಟ್ಟವರು ಫೋನೊಂದನ್ನೇ ನಂಬಿ ಮನೆಯಿಂದ ಹೊರಟ ಹುಡುಗ ಹುಡುಗಿಯರು. ಟೀ ಅಂಗಡಿಯ ಮುಂದೆ ಎಟಿಎಂ ಎಲ್ಲಿದೆ ಎಂದು ಕೇಳುತ್ತಾ ಓಡಾಡಿದರು. ಅವರ ಕಷ್ಟವೂ ಆ ಹಿರಿಯರ ಕಷ್ಟವೂ ನನ್ನ ಮಟ್ಟಿಗೆ ಒಂದೇ. ಹಣ ಇದೆ, ಕೊಡುವ ಮನಸ್ಸಿದೆ, ದಾರಿಯೊಂದನ್ನು ಮುಚ್ಚಿದ್ದಾರೆ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳಾಗಿವೆ. ಪಾರ್ಕಿಂಗಿನ ಟೆಂಡರುಗಳನ್ನು ಹೊಸದಾಗಿ ಬರೆಯುವಾಗ ಒಂದು ಷರತ್ತು ಸೇರಿಸಿ ಎಂದು ಅವುಗಳನ್ನು ಬರೆಯುವ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ನಗದು, ಕಾರ್ಡು, ಫೋನು, ಮೂರನ್ನೂ ತೆಗೆದುಕೊಳ್ಳತಕ್ಕದ್ದು. ಮೂರಕ್ಕೂ ರಸೀದಿ ಕೊಡತಕ್ಕದ್ದು. ದರ ಒಂದೇ ಇರತಕ್ಕದ್ದು. ಅಷ್ಟು ಬರೆದರೆ ಸಾಕು. ಗುತ್ತಿಗೆ ಹಿಡಿದವರು ಚಿಲ್ಲರೆ ಡಬ್ಬಿಯೊಂದನ್ನು ಇಟ್ಟುಕೊಂಡೇ ತೀರುತ್ತಾರೆ.

ಚಿಲ್ಲರೆ ಡಬ್ಬಿ ಎಂದಾಗ ಇನ್ನೊಂದು ಮಾತು ಬಂತು, ಇದು ನಮ್ಮ ಕಡೆಯಿಂದಲೇ ಆಗುತ್ತಿರುವ ಅನ್ಯಾಯ. ಹತ್ತು ರೂಪಾಯಿಯ ನಾಣ್ಯವನ್ನು ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಹಳದಿ ಅಂಚು, ಬಿಳಿ ನಡುವಿನ, ಅಷ್ಟು ಚೆಂದದ ನಾಣ್ಯ. ಅಂಗಡಿಯವರು "ಇದು ನಡೆಯಲ್ಲಣ್ಣ" ಎಂದು ಹಿಂದಕ್ಕೆ ತಳ್ಳುತ್ತಾರೆ. ಗಿರಾಕಿಯೂ ಚಿಲ್ಲರೆಯಲ್ಲಿ ಅದು ಬಂದರೆ ಮುಖ ಸಿಂಡರಿಸುತ್ತಾನೆ. ರೂಪಾಯಿಯ ಚಿಹ್ನೆ ಇಲ್ಲದ್ದು ಖೋಟಾ ಎಂದು ಒಂದು ಊರಿನಲ್ಲಿ, ಗೀಟು ಹತ್ತರ ಬದಲು ಹದಿನೈದು ಇದ್ದರೆ ಖೋಟಾ ಎಂದು ಇನ್ನೊಂದು ಊರಿನಲ್ಲಿ ಸುದ್ದಿ. ರೂಪಾಯಿಗೆ ಚಿಹ್ನೆ ಬಂದದ್ದೇ 2010ರಲ್ಲಿ, ಆ ನಾಣ್ಯ ಅದಕ್ಕೂ ಮೊದಲಿನದು. ಅದಕ್ಕೇ ಹಳೆಯ ನಾಣ್ಯಗಳ ಮೇಲೆ ಚಿಹ್ನೆ ಇಲ್ಲ. ಬಸ್ಸಿನ ಕಂಡಕ್ಟರು ತೆಗೆದುಕೊಳ್ಳದೆ ಶಾಲೆಯ ಮಗುವನ್ನು ಇಳಿಸಿದರೆ, ಸೊಪ್ಪಿನವಳ ಇಡೀ ಬೆಳಗಿನ ದುಡಿಮೆ ಅವಳ ಚೀಲದಲ್ಲೇ ಉಳಿದರೆ, ಅದಕ್ಕೆ ಯಾವ ಗುತ್ತಿಗೆದಾರರೂ ಕಾರಣರಲ್ಲ, ನಾವೇ ಕಾರಣ.

2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಅಲ್ಲಿಯವರೆಗೆ ಬಂದಿದ್ದ ಹತ್ತು ರೂಪಾಯಿ ನಾಣ್ಯದ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ಸ್ಪಷ್ಟಪಡಿಸಿದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳಲ್ಲಿ ಸಾವಿರ ರೂಪಾಯಿಯವರೆಗೂ ಪಾವತಿ ಮಾಡಬಹುದು. ನಾಳೆ ನಿಮಗೆ ಯಾರಾದರೂ ಆ ನಾಣ್ಯ ಕೊಟ್ಟರೆ ದಯವಿಟ್ಟು ತೆಗೆದುಕೊಳ್ಳಿ, ನೀವೂ ಧಾರಾಳವಾಗಿ ಕೊಡಿ. ಅದು ನಡೆಯುತ್ತದೆ.